ಫ್ರೆಂಡ್ಲಿ ಬ್ರೋ

ರಸ್ಟ್ ಆಟ ಆಡುವವರಿಗೆಲ್ಲ ಬ್ರೋ ಗೊತ್ತು. ಆಟಕ್ಕೆ ಇಳಿದವರು ಸಮುದ್ರದ ದಂಡೆಯಲ್ಲಿ ಬಹುಮಟ್ಟಿಗೆ ಹುಟ್ಟುಡುಗೆಯಲ್ಲೇ ಕಣ್ಣು ಬಿಡುತ್ತಾರೆ. ಒಂದು ಕಲ್ಲು, ಒಂದು ಪಂಜು, ಇಷ್ಟೇ ಆಸ್ತಿ. ಹಸಿವು, ಚಳಿ, ಕರಡಿ ಎಲ್ಲ ಆಮೇಲಿನ ಮಾತು. ಮೊದಲು ಪೊದೆಯ ಹಿಂದಿನಿಂದ ಕೇಳುವುದು ಬ್ರೋ ದನಿ: "ಹೊಡೀಬೇಡಿ ಬ್ರೋ, ನಾನು ಫ್ರೆಂಡ್ಲಿ!"

ಸಿಂಗಪುರದ ಸರ್ವರಿನಲ್ಲಿ, ಗೊತ್ತಿಲ್ಲದ ಭಾಷೆಗಳಲ್ಲಿ ಬೈಸಿಕೊಂಡು ಸಾಕಾದವನ ಕಿವಿಗೆ ಕನ್ನಡ ಬಿದ್ದರೆ ಕೈಯಲ್ಲಿದ್ದ ಕಲ್ಲು ತಾನಾಗಿ ಕೆಳಗಿಳಿಯುತ್ತದೆ. "ಅಯ್ಯೋ, ಕನ್ನಡಾನಾ? ಯಾವೂರು ಬ್ರೋ? ಹಾಸನಾನಾ? ನಮ್ಮತ್ತೆ ಊರು!" ನೀವು ಬೀದರ್ ಅಂದಿದ್ದರೂ ಅದು ಅವನತ್ತೆಯ ಊರೇ ಆಗುತ್ತಿತ್ತು.

ಮೊದಲ ವಾರ ಬ್ರೋ ಅಪ್ಪಟ ಚಿನ್ನ. ಮರ ಕಡಿಯುತ್ತಾನೆ, ಬಂಡೆ ಒಡೆಯುತ್ತಾನೆ, ಕುಲುಮೆಯ ಮುಂದೆ ಕೂತು ಅದಿರು ಕರಗಿಸುತ್ತಾನೆ. ಗುಂಡು ತಿಂದು ಬಿದ್ದವರನ್ನು ಎಬ್ಬಿಸುತ್ತಾನೆ. ನೀವು ಸತ್ತೇ ಹೋದರೆ ನಿಮ್ಮ ಸಾಮಾನನ್ನು ಒಂದೂ ಬಿಡದೆ ಹೆಕ್ಕಿ ತಂದು ಪೆಟ್ಟಿಗೆಗೆ ಹಾಕುತ್ತಾನೆ. ಇಂಥವನೊಬ್ಬ ಬೇಕೇ ಬೇಕು. ಯಾಕೆಂದರೆ ಈ ಆಟಕ್ಕೆ ರಜೆಯಿಲ್ಲ. ನೀವು ಕಂಪ್ಯೂಟರ್ ಆರಿಸಿ ಆಫೀಸಿಗೆ ಹೋದರೂ ನಿಮ್ಮ ದೇಹ ಅಲ್ಲೇ ನೆಲದ ಮೇಲೆ ನಿದ್ದೆ ಹೊಡೆಯುತ್ತಿರುತ್ತದೆ. ಅದನ್ನು ಕಾಯಲು ಯಾರಾದರೂ ಎಚ್ಚರವಿರಬೇಕು. ಬ್ರೋ ಯಾವಾಗಲೂ ಎಚ್ಚರ.

ಹೀಗಿರುವಾಗ ಒಂದು ದಿನ ಆ ಮಾತು ಬರುತ್ತದೆ. "ಬ್ರೋ, ನೀವಿಲ್ಲದಾಗ ಯಾರಾದ್ರೂ ರೇಡ್ ಮಾಡಿದ್ರೆ ನಾನು ಹೊರಗೆ ನಿಂತ್ಕೊಂಡು ನೋಡ್ಲಾ? ಕೋಡ್ ಹೇಳಿ."

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಕಲ್ಲಿನ ಒಂದು ಗೋಡೆ ಉರುಳಿಸಲು ಎರಡು ಸಿ-4 ಸ್ಫೋಟಕ ಬೇಕು. ಒಂದು ಸಿ-4 ತಯಾರಿಗೆ 2,200 ಸಲ್ಫರ್. ಅಂದರೆ ಒಂದೇ ಗೋಡೆಗೆ 4,400. ಅಷ್ಟನ್ನು ಅಗೆದು, ಕರಗಿಸಿ, ದಾರಿಗಳ್ಳರ ಕಣ್ಣು ತಪ್ಪಿಸಿ ಮನೆ ಮುಟ್ಟಿಸುವಷ್ಟರಲ್ಲಿ ನಡು ಬಿದ್ದುಹೋಗಿರುತ್ತದೆ. ಬೀಗವೋ ನಾಲ್ಕು ಅಂಕಿಯದು. ಹತ್ತು ಸಾವಿರ ಸಾಧ್ಯತೆ. ತಪ್ಪು ಒತ್ತಿದಾಗೆಲ್ಲ ಶಾಕ್ ಹೊಡೆಯುತ್ತದೆ. ಅದಕ್ಕೇ ಬ್ರೋ ಅಗೆಯುವುದೂ ಇಲ್ಲ, ಊಹಿಸುವುದೂ ಇಲ್ಲ. ಕೇಳುತ್ತಾನೆ.

ನೀವು ಹೇಳುತ್ತೀರಿ. ಹಾಸನದ ಅತ್ತೆಯ ಅಳಿಯನಿಗೆ ಹೇಳದೆ ಇನ್ಯಾರಿಗೆ ಹೇಳುತ್ತೀರಿ?

ಮರುದಿನ ಲಾಗಿನ್ ಆದರೆ ಮತ್ತೆ ಅದೇ ದಂಡೆ, ಅದೇ ಕಲ್ಲು, ಅದೇ ಪಂಜು. ಏದುಸಿರು ಬಿಡುತ್ತ ಮನೆಗೆ ಓಡಿದರೆ ಕೋಡ್ ಬದಲಾಗಿದೆ. ಮನೆಯ ಹಕ್ಕುಪತ್ರದಂತಿದ್ದ ಟೂಲ್ ಕಬೋರ್ಡಿನ ಪಟ್ಟಿಯಿಂದ ನಿಮ್ಮ ಹೆಸರು ಹೋಗಿದೆ. ಇನ್ನು ನೀವೇ ಕಟ್ಟಿದ ಮನೆಗೆ ಒಂದು ಹಲಗೆ ಬಡಿಯುವ ಅಧಿಕಾರವೂ ನಿಮಗಿಲ್ಲ. ನೀವೇ ಕೂಡಿಟ್ಟ ಕಾಸಲ್ಲಿ ನಿಲ್ಲಿಸಿದ ಕಾವಲು ಬಂದೂಕು ನಿಮ್ಮತ್ತಲೇ ತಿರುಗಿ ಸಿಡಿಯುತ್ತದೆ. ದೂರದಲ್ಲೆಲ್ಲೋ ನಿಮ್ಮ ಹೆಲ್ಮೆಟ್ಟಿನೊಳಗಿಂದ ಪರಿಚಿತ ದನಿ: "ಸಾರಿ ಬ್ರೋ, ಕ್ಲಾನ್‌ನವರು ಹೇಳಿದ್ರು."

ದೂರು ಕೊಡುತ್ತೀರಾ? ಕೊಡಿ. ಮೋಸದ ಸಾಫ್ಟ್‌ವೇರ್ ಬಳಸಿದವನನ್ನು ಬ್ಯಾನ್ ಮಾಡುತ್ತಾರೆ. ಬರೀ ಮಾತಿನಲ್ಲಿ ಮೋಸ ಮಾಡಿದವನದು ಆಟ ಅನ್ನುತ್ತಾರೆ.

ಹಾಗಂತ ಬ್ರೋ ಕೆಟ್ಟವನಲ್ಲ. ಕಂಪ್ಯೂಟರ್ ಬಿಟ್ಟು ಎದ್ದರೆ ಬಹಳ ಒಳ್ಳೆಯ ಹುಡುಗ. ಪಿಜಿ ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತಾನೆ. ಚಿಲ್ಲರೆ ಇಲ್ಲದೆ ಉಳಿಸಿಕೊಂಡ ಟೀ ದುಡ್ಡನ್ನು ಸಂಜೆಯೊಳಗೆ ಗೂಗಲ್ ಪೇ ಮಾಡುತ್ತಾನೆ. ವ್ಯತ್ಯಾಸ ಇಷ್ಟೇ, ಟೀ ಅಂಗಡಿಗೆ ವೈಪ್ ಇಲ್ಲ.

ರಸ್ಟ್‌ಗೆ ಇದೆ. ಅದನ್ನು ನಡೆಸುವ ಇಂಗ್ಲೆಂಡಿನ ಫೇಸ್‌ಪಂಚ್ ಕಂಪನಿ ಪ್ರತಿ ತಿಂಗಳ ಮೊದಲ ಗುರುವಾರ, ನಮ್ಮಲ್ಲಿ ನಡುರಾತ್ರಿಯ ಹೊತ್ತಿಗೆ, ಇಡೀ ನಕ್ಷೆಯನ್ನು ಒರೆಸಿಹಾಕುತ್ತದೆ. ಅರಮನೆ, ಗುಡಿಸಲು, ಸಾಲ, ಸೇಡು ಎಲ್ಲ ಸ್ವಾಹಾ. ಇದರಿಂದ ನಿಯತ್ತಿಗೆ ಏನಾಗುತ್ತದೆ ಎಂದು ತಿಳಿಯಲು ಒಂದು ಹಳೆಯ ಪಂದ್ಯ ನೆನೆಯಬೇಕು. 1980ರ ಸುಮಾರಿಗೆ ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ಸಹಕಾರ–ದ್ರೋಹದ ಪಂದ್ಯ ನಡೆಸಿದ್ದರು. ಗೆದ್ದದ್ದು ಎಲ್ಲಕ್ಕಿಂತ ಚಿಕ್ಕದಾದ 'ಟಿಟ್ ಫಾರ್ ಟ್ಯಾಟ್': ಮೊದಲು ಕೈ ಜೋಡಿಸು, ಆಮೇಲೆ ಎದುರಿನವ ಮಾಡಿದ್ದನ್ನೇ ಮಾಡು. ಈ ಉಪಾಯ ಫಲಿಸಬೇಕಾದರೆ ನಾಳೆಯೂ ಇವನ ಮುಖ ನೋಡಬೇಕಲ್ಲ ಎಂಬ ಅಳುಕು ಇರಬೇಕು. ಬ್ರೋ ಆಕ್ಸೆಲ್‌ರಾಡ್‌ರನ್ನು ಓದಿಲ್ಲ, ಕ್ಯಾಲೆಂಡರ್ ನೋಡುತ್ತಾನೆ. ಗುರುವಾರ ಹತ್ತಿರವಾದಂತೆ ಅವನ ನಿಯತ್ತು ಕರಗತೊಡಗುತ್ತದೆ. ಆಟ ಕೊಂಡ ಸ್ಟೀಮ್ ಖಾತೆಗೆ ಅಂಟಿಸಿ ಆಟ ಕೊಟ್ಟಿರುವ ಮುಖವನ್ನು ಬದಲಿಸಲು ಬರುವುದಿಲ್ಲವಾದ್ದರಿಂದ ಪ್ರತಿ ತಿಂಗಳು ಹೆಸರನ್ನು ಬದಲಿಸುತ್ತಾನೆ.

ಬ್ರೋನ ನಿಜವಾದ ಸಂಕಟ ಬೇರೆಯೇ ಇದೆ. ಕದ್ದ ಮಾಲು ಹೊತ್ತು ಹೊಸ ಕ್ಲಾನ್, ಅಂದರೆ ಆಟಗಾರರ ಗುಂಪು, ಸೇರಿದ ಮರುದಿನವೇ ಅವರು ಇವನನ್ನು ಬರಿಗೈಲಿ ಹೊರದಬ್ಬುತ್ತಾರೆ. ಒಂದು ಮನೆ ಒಡೆದವನನ್ನು ಇನ್ನೊಂದು ಮನೆಯವರು ಯಾಕೆ ನಂಬಬೇಕು? ಆಗ ಅವನು ಮೈಕಿನಲ್ಲಿ ಗೋಳಾಡುವುದನ್ನು ಕೇಳಬೇಕು. "ಈ ಕಾಲದಲ್ಲಿ ನಂಬಿಕೆಗೆ ಬೆಲೆನೇ ಇಲ್ವಾ ಬ್ರೋ?" ನೀತಿಯ ಮೇಲೆ ಅಷ್ಟು ಮನಮುಟ್ಟುವ ಉಪನ್ಯಾಸವನ್ನು ಯಾವ ಮಠದಲ್ಲೂ ಕೇಳಲಾರಿರಿ.

ಇಷ್ಟು ತಿಳಿದ ಮೇಲೆ ಒಂಟಿಯಾಗಿ ಆಡುತ್ತೇನೆ ಎನ್ನಬೇಡಿ. ಕಾವಲಿಲ್ಲದ ಮನೆಯನ್ನು ನೀವು ಮಲಗಿದ ರಾತ್ರಿಯೇ ಅಪರಿಚಿತರು ಸಲ್ಫರ್ ಖರ್ಚು ಮಾಡಿ ದೋಚುತ್ತಾರೆ. ಬ್ರೋ ದೋಚುವುದಕ್ಕೆ ಮುಂಚೆ ಮೂರು ವಾರ ಕೆಲಸವನ್ನಾದರೂ ಮಾಡಿಕೊಡುತ್ತಾನೆ. ಆದ್ದರಿಂದ ಅವನನ್ನು ಸೇರಿಸಿಕೊಳ್ಳಿ, ಮರ ಕಡಿಸಿ, ಅದಿರು ಕರಗಿಸಿ. ಕೋಡ್ ಕೇಳಿದಾಗ ಮಾತ್ರ ಒಂದು ಸಂಗತಿ ನೆನಪಿರಲಿ: ರಸ್ಟ್‌ನ ಬೀಗದಲ್ಲಿ ಎರಡು ಸಂಖ್ಯೆ ಇಡಬಹುದು, ಒಂದು ಯಜಮಾನನದು, ಇನ್ನೊಂದು ಅತಿಥಿಯದು. ಅತಿಥಿಯ ಸಂಖ್ಯೆಯಿಂದ ಬಾಗಿಲು ತೆರೆಯುತ್ತದೆ, ಬೀಗ ಬದಲಿಸಲು ಬರುವುದಿಲ್ಲ. ಬ್ರೋಗೆ ಅದನ್ನೇ ಕೊಡಿ, ಅದೂ ಹೊರಬಾಗಿಲಿಗೆ ಮಾತ್ರ. ಟೂಲ್ ಕಬೋರ್ಡಿನ ಹತ್ತಿರ ಸುಳಿಯಲು ಬಿಡಬೇಡಿ.