ಹಳೆ ಬುಲೆಟ್ಟಿನ ಶುದ್ಧಪಾಠ: ಒಂದು ಗ್ರಂಥಸಂಪಾದನಾ ವಿಚಾರ

ಓಲೆಗರಿಯ ಕಾವ್ಯಗಳ ಶುದ್ಧಪಾಠವನ್ನು ನಿರ್ಣಯಿಸುವ ಬಗೆಯನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಸಾಂಗವಾಗಿ ನಿರೂಪಿಸಿದ್ದಾರೆ. ಸೆಕೆಂಡ್‌ಹ್ಯಾಂಡ್ ಮೋಟರ್‌ಸೈಕಲ್ಲಿನ ವಿಚಾರ ಮಾತ್ರ ಅಲ್ಲಿಲ್ಲ. ನಾಲ್ಕು ಮಾಲೀಕರನ್ನು ಕಂಡ ಬುಲೆಟ್ಟಿಗೂ ನಾಲ್ಕು ಲಿಪಿಕಾರರ ಕೈಯಲ್ಲಿ ನಲುಗಿದ ಹಸ್ತಪ್ರತಿಗೂ ಇರುವ ನಂಟನ್ನು ನಮ್ಮ ವಿದ್ವಾಂಸರು ಗಮನಿಸಿಯೇ ಇಲ್ಲ. ಯುಜಿಸಿ ಸಂಬಳ ಬಂದೊಡನೆ ಎಲ್ಲರೂ ಕಾರು ಕೊಳ್ಳುವುದು ಇದಕ್ಕೆ ಕಾರಣವಿದ್ದೀತು. ಆ ಕೊರತೆಯನ್ನು ತುಂಬುವ ಕಿರುಪ್ರಯತ್ನವಿದು.

ಅಧ್ಯಯನಕ್ಕೆ ಆರಿಸಿಕೊಂಡ ಪ್ರತಿ: 1990ರ ದಶಕದ, ಬೀಡುಕಬ್ಬಿಣದ ಎಂಜಿನ್ನಿನ ಬುಲೆಟ್ 350. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮೊದಲ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಇದು ಪ್ರಾಚೀನ ಪಾಠ. ಈಗಿನವರ ಅನುಕೂಲಕ್ಕೆ ಗೇರನ್ನು ಎಡಕ್ಕೆ ದಾಟಿಸಿಕೊಂಡ ಪ್ರತಿಗಳೂ ಉಂಟು. ಅವನ್ನು ಹೊಸಗನ್ನಡ ಗದ್ಯಾನುವಾದಗಳೆಂದು ಬಗೆದು ಇಲ್ಲಿ ಕೈಬಿಟ್ಟಿದೆ. ಸಂಪಾದನೆಯ ಉದ್ದೇಶ, ಸಾಮಾನು ಕಟ್ಟಿಕೊಂಡು ಘಟ್ಟ ಹತ್ತಿ ಇಳಿದು ಊರೂರು ಸುತ್ತುವುದು.

ಯಾವ ಪ್ರತಿಗಾದರೂ ಮೊದಲು ಪ್ರಶಸ್ತಿ ಭಾಗ. “ಸಿಂಗಲ್ ಹ್ಯಾಂಡ್ ಯೂಸ್ ಸಾರ್. ಎಂಜಿನ್ ಬಿಚ್ಚೇ ಇಲ್ಲ. ಒಂದ್ ರೂಪಾಯಿ ಕೆಲಸ ಇಲ್ಲ, ಪೆಟ್ರೋಲ್ ಹಾಕಿ ಸೀದಾ ಲಡಾಖ್‌ಗೆ ಹೋಗಿ.” ಮಾಂಡಲಿಕನೊಬ್ಬನು ಮೂರು ಸಮುದ್ರಗಳ ನಡುವಿನ ನೆಲವನ್ನೆಲ್ಲ ಆಳಿದನೆಂದು ಕಲ್ಲಿನಲ್ಲಿ ಓದಿದಾಗ ನಾವೇನು ಮಾಡುತ್ತೇವೋ ಇಲ್ಲಿಯೂ ಅದನ್ನೇ ಮಾಡತಕ್ಕದ್ದು: ತಲೆದೂಗಿ, ಮುಂದಿನ ಸಾಲಿಗೆ ಹೋಗುವುದು. ಆದರೆ ಮಾತು ನಡೆಯುತ್ತಿರುವಾಗಲೇ ಎಂಜಿನ್ನಿನ ಫಿನ್ನುಗಳ ಮೇಲೊಮ್ಮೆ ಕೈಯಿಡಬೇಕು. ಬೆಚ್ಚಗಿದ್ದರೆ ಪ್ರತಿಯ ಮೊದಲ ಗರಿಯೇ ಕಾಣೆಯಾಗಿದೆ ಎಂದರ್ಥ; ತಣ್ಣಗಿನ ಎಂಜಿನ್ನಿನ ಮೊದಲ ಕಿಕ್ಕನ್ನು ನಮ್ಮಿಂದ ಮರೆಮಾಡಲಾಗಿದೆ. ಆ ಕಿಕ್ಕಿಗೂ ಒಂದು ವಿಧಿಯಿದೆ. ಕೀ ತಿರುಗಿಸಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಆಂಪಿಯರ್ ಮೀಟರಿನ ಮುಳ್ಳು ಪಕ್ಕಕ್ಕೆ ವಾಲಿ ಮತ್ತೆ ನಡುವಿಗೆ ಬರುತ್ತದೆ. ಆಗ ಡಿಕಂಪ್ರೆಸರ್ ಹಿಡಿದು ಕಿಕ್ಕರನ್ನು ಇನ್ನೊಂದಿಷ್ಟು ದಾಟಿಸಿ, ಬಿಟ್ಟು, ಒಂದೇ ತುಳಿತ. ಇದಾವುದೂ ಇಲ್ಲದೆ ಎಗರಿ ಎಗರಿ ಒದೆಯುವವನು ಆ ಗಾಡಿಯ ಮಾಲೀಕನಲ್ಲ, ದಲ್ಲಾಳಿ.

ಇನ್ನು ಶಾಸನ ಭಾಗ. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಮಸಿ ಹಚ್ಚಿ ಅಚ್ಚುಪ್ರತಿ ತೆಗೆಯುತ್ತಾರೆ. ಆರ್‌ಟಿಒ ಕಚೇರಿಯ ಹೊರಗಿನ ಏಜೆಂಟನು ಚಾಸಿಸ್ ನಂಬರಿನ ಮೇಲೆ ತೆಳ್ಳನೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅದೇ ಕೆಲಸ ಮಾಡುತ್ತಾನೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅವನಿಗೊಂದು ಕೃತಜ್ಞತೆಯೂ ಇಲ್ಲ. ಅಂಕಿಗಳ ಸುತ್ತ ಅರ ಉಜ್ಜಿದ ಗುರುತಿದ್ದರೆ, ಒಂದಂಕಿ ಮಾತ್ರ ಸಾಲು ತಪ್ಪಿ ಕೂತಿದ್ದರೆ, ಅದು ಕೂಟಶಾಸನ. ಅಂಥದ್ದರ ಮೇಲೆ ಹೆಚ್ಚಿನ ಸಂಶೋಧನೆ ಪೊಲೀಸರ ಕೆಲಸ. ನಾವು ಮನೆಗೆ ಹೋಗುವುದು. ಉಳಿದ ದಾಖಲೆಗಳು ನೀರಸ: ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದಕ್ಕೆ 35, ಬೇರೆ ರಾಜ್ಯದ ಗಾಡಿಯಾದರೆ ನಿರಾಕ್ಷೇಪಣೆಗೆ 28. ನೋಂದಣಿಗೆ 15 ವರ್ಷ ತುಂಬಿದ ಮೇಲೆ ಫಾರಂ 25 ಕೊಟ್ಟು ಐದೈದು ವರ್ಷಕ್ಕೆ ನವೀಕರಿಸಿಕೊಂಡಿರಬೇಕು. “ಅದೆಲ್ಲ ಆಮೇಲೆ ಮಾಡ್ಸಣ ಬಿಡಿ ಸಾರ್” ಎಂಬ ಮಾತಿಗೆ ಶಾಸನಮೌಲ್ಯವಿಲ್ಲ.

ಕಾಲನಿರ್ಣಯ ಕಷ್ಟದ ವಿಷಯ. ಮೀಟರ್ 23,000 ಕಿ.ಮೀ. ತೋರಿಸುತ್ತದೆ. ಐದಂಕಿಯ ಮೀಟರು 99,999 ದಾಟಿದೊಡನೆ ಸೊನ್ನೆಗೆ ಮರಳುವುದರಿಂದ ಇದು 1,23,000 ಆಗಿರಬಹುದು, ಇನ್ನೂ ಒಂದು ಸುತ್ತು ಮುಂದೆಯೂ ಇರಬಹುದು. ಶಕವರ್ಷ ಹೇಳದೆ ಬರೀ ‘ವಿಕಾರಿ ಸಂವತ್ಸರ’ ಎಂದು ಕೆತ್ತಿಟ್ಟು, ಯಾವ ಅರವತ್ತರ ಆವರ್ತವೆಂದು ತಿಳಿಸದೆ ಹೋದವರು ಮಾಡಿದ ಅನ್ಯಾಯವೇ ಇದು. ಜೊತೆಗೆ ಮೀಟರ್ ಕೇಬಲ್ ಬಿಚ್ಚಿಟ್ಟರೆ ಗಾಡಿ ಓಡುತ್ತದೆ, ಕಾಲ ನಿಲ್ಲುತ್ತದೆ. ಆದ್ದರಿಂದ ಆಂತರಿಕ ಪ್ರಮಾಣಗಳೇ ಗತಿ: ಫುಟ್‌ರೆಸ್ಟ್ ರಬ್ಬರಿನ ಗೀರುಗಳು ಸವೆದು ನುಣ್ಣಗಾಗಿವೆಯೇ, ಸ್ಪ್ರಾಕೆಟ್ಟಿನ ಹಲ್ಲು ಒಂದೇ ಕಡೆಗೆ ಬಾಗಿವೆಯೇ, ಕೀ ಇಲ್ಲದೆಯೂ ಬೀಗ ತಿರುಗುತ್ತದೆಯೇ. ಸುಳ್ಳು ಹೇಳದ ತೇದಿ ಇಡೀ ಗಾಡಿಯಲ್ಲಿ ಒಂದೇ, ಅದು ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿ. 1412 ಎಂದಿದ್ದರೆ 2012ನೆಯ ಇಸವಿಯ 14ನೆಯ ವಾರ. “ಟೈರ್ ಹೊಸದು, ಬಟನ್ ನೋಡಿ ಸಾರ್” ಎಂದವನಿಗೆ ಆ ಅಂಕಿ ತೋರಿಸಿ, ಪಕ್ಕೆಯ ಬಿರುಕುಗಳಲ್ಲಿ ಉಗುರು ಆಡಿಸಿ, ಟೈರಿನ ದುಡ್ಡು ಮುರಿದುಕೊಳ್ಳತಕ್ಕದ್ದು.

ಪ್ರಕ್ಷಿಪ್ತಗಳ ಸಮಸ್ಯೆ ಅತ್ಯಂತ ತೀವ್ರವಾಗಿರುವುದು ವೈರಿಂಗಿನಲ್ಲಿ. ಹೆಡ್‌ಲೈಟ್ ಕಳಚಿದರೆ ಒಳಗೆ ಕೆಂಪು ವೈರೊಂದು ಹೊರಡುತ್ತದೆ. ಇನ್ಸುಲೇಷನ್ ಟೇಪಿನ ಗಂಟೊಂದನ್ನು ಹೊಕ್ಕು ನೀಲಿಯಾಗಿ ಹೊರಬರುತ್ತದೆ. ಎರಡನೆಯ ಗಂಟಿನಾಚೆ ಅದು ಮನೆಯ ಸ್ವಿಚ್‌ಬೋರ್ಡಿನಿಂದ ಉಳಿದ ದಪ್ಪ ವೈರು. ಕೊನೆಗೆ ಎತ್ತಲೂ ಸೇರದೆ, ಎಂದೋ ಕಳಚಿ ಹೋದ ಮ್ಯೂಸಿಕ್ ಹಾರನ್ನಿನ ನೆನಪಿಗೆ ಗಾಳಿಯಲ್ಲಿ ನಿಂತಿರುತ್ತದೆ. ಇಲ್ಲಿ ಪಾಠಾಂತರಗಳನ್ನು ಗುರುತು ಹಾಕುತ್ತ ಕೂರುವುದು ವ್ಯರ್ಥ. ಹೊಸ ವೈರಿಂಗ್ ಸೆಟ್ಟು ತಂದು ಪೂರ್ತಿ ಬದಲಾಯಿಸುವುದೇ ವಿಹಿತ.

ಬೋಲ್ಟುಗಳಿಗೆ ಗ್ರಂಥಸಂಪಾದಕರ ಕ್ಲಿಷ್ಟಪಾಠ ನ್ಯಾಯ ಅನ್ವಯಿಸುತ್ತದೆ: ಎರಡರಲ್ಲಿ ಯಾವುದು ಕಠಿಣವೋ ಅದೇ ಮೂಲ. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದರೂ ಜಗ್ಗದ ಬೋಲ್ಟು ಕಾರ್ಖಾನೆಯದು. ಪಾನಾ ಮುಟ್ಟಿಸುವ ಮೊದಲೇ ಬಿಚ್ಚಿಕೊಂಡದ್ದು ಹಿಂದಿನವರ ಕೈಚಳಕ. ‘ಬಿಚ್ಚೇ ಇಲ್ಲದ’ ಎಂಜಿನ್ನಿನ ಹೆಡ್ ನಟ್ಟುಗಳ ಮೂಲೆಗಳೆಲ್ಲ ದುಂಡಗಾಗಿದ್ದವು. ಹೆಡ್ ತೆಗೆದು ಪಿಸ್ಟನ್ನಿನ ನೆತ್ತಿಯ ಮಸಿ ಕೆರೆದಾಗ 40 ಎಂಬ ಅಂಕಿ ಕಂಡಿತು. ಅಂದರೆ ಕಂಪನಿಯ ಅಳತೆ ಸವೆದು, 20ರ ಬೋರೂ ಸವೆದು, ಇದು ಎರಡನೆಯ ಪರಿಷ್ಕೃತ ಮುದ್ರಣ. 60ರ ನಂತರ ಹೊಸ ಸ್ಲೀವ್ ಹಾಕಿಸದೆ ಗತಿಯಿಲ್ಲ.

ಈ ಹಂತದಲ್ಲಿ ಗ್ಯಾರೇಜು ಅನಿವಾರ್ಯ. ಬೆಂಗಳೂರಿನಲ್ಲಿ ಎರಡು ಶಾಖೆಗಳಿವೆ. ಜೆ.ಸಿ. ರಸ್ತೆ ಸಂಪ್ರದಾಯದವರು ಎಲ್ಲವೂ ಡಬ್ಬಿಯಲ್ಲಿ ಬಂದ ಹೊಸ ಸಾಮಾನೇ ಆಗಬೇಕೆನ್ನುತ್ತಾರೆ. ಶಿವಾಜಿನಗರದವರು ಹಳೆಯ ಕಬ್ಬಿಣಕ್ಕೆ ಗುಜರಿಯ ಹಳೆಯ ಕಬ್ಬಿಣವೇ ಒಗ್ಗುತ್ತದೆನ್ನುತ್ತಾರೆ. ಇಬ್ಬರೂ ಒಪ್ಪುವ ಮಂಗಳಶ್ಲೋಕ ಒಂದಿದೆ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಟ್ಯಾಪೆಟ್ ಕವರ್ ತೆಗೆದು, ಬೀಡಿ ಬದಿಗಿಟ್ಟು ಹೇಳುತ್ತಾನೆ: “ಯಾರ್ ಸಾರ್ ಇದಕ್ ಕೈ ಹಾಕಿದ್ದು?” ಪೂರ್ವ ಸಂಪಾದಕನ ಖಂಡನೆಯಿಲ್ಲದೆ ಹೊಸ ಸಂಪಾದನೆ ಶುರುವಾದ ಉದಾಹರಣೆ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇಲ್ಲ. ಟೂಲ್‌ಬಾಕ್ಸಿನ ತಳದಲ್ಲಿ ಅದೇ ಗ್ಯಾರೇಜಿನ ಹಳೆಯ ಬಿಲ್ಲು ಸಿಕ್ಕಿದರೂ ವಾದ ಬದಲಾಗುವುದಿಲ್ಲ. “ಆಗ ಹುಡುಗ್ರು ಮಾಡಿದ್ದು” ಎಂಬ ವ್ಯಾಖ್ಯಾನ ಸಿದ್ಧವಾಗಿರುತ್ತದೆ.

ಪೂರ್ವಪಕ್ಷ: ಆಯಿಲ್ ಸೋರುವುದು ಬುಲೆಟ್ಟಿನ ಲಕ್ಷಣ, ದೋಷವಲ್ಲ. ಸಿದ್ಧಾಂತ: ಎಲ್ಲಿಂದ ಸೋರುತ್ತದೆಂದು ನೋಡಿ ಹೇಳಬೇಕು. ರಾತ್ರಿ ಗಾಡಿಯ ಕೆಳಗೆ ದಿನಪತ್ರಿಕೆ ಹಾಸಿ, ಬೆಳಿಗ್ಗೆ ಹನಿಗಳ ನಕ್ಷೆ ಓದತಕ್ಕದ್ದು. ಎಡಕ್ಕೆ ಬಿದ್ದರೆ ಪ್ರೈಮರಿ ಚೈನ್ ಕೇಸು. ಗ್ಯಾಸ್ಕೆಟ್ ಬದಲಿಸಿ ಸುಮ್ಮನಿರಬಹುದು. ಫೋರ್ಕ್ ಕೊಳವೆಯ ಮೇಲೆ ಆಯಿಲ್ ಪಸೆಯಿದ್ದರೆ ಸೀಲು ಹೋಗಿದೆ, ಉದಾಸೀನ ಸಲ್ಲದು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಫೋರ್ಕನ್ನು ಹಿಂದೆಮುಂದೆ ಅಲುಗಿಸಿದಾಗ ‘ಕಟಕ್’ ಎಂದರೆ ಕೋನ್‌ಸೆಟ್ ಸಡಿಲ. ಹ್ಯಾಂಡಲ್ ನಡುವಿನಲ್ಲಿ ಕಚ್ಚಿ ನಿಂತರೆ ಅದರ ಆಯುಷ್ಯ ಮುಗಿದಿದೆ. ಬ್ರೇಕ್ ಶೂ, ಟೈರು, ಕೋನ್‌ಸೆಟ್, ಕೇಬಲ್ಲು ಮೊದಲು. ಟ್ಯಾಂಕಿನ ಚಿನ್ನದ ಗೆರೆ, ಕ್ರೋಮಿಯಂ ಲೇಪ ಆಮೇಲೆ. ಈ ಕ್ರಮವನ್ನು ತಿರುಗಿಸಿ, ಹೊಳೆಯುವ ಗಾಡಿಯಲ್ಲಿ ಗುಂಡಿಗೆ ಬಿದ್ದವರೇ ಬಹುಸಂಖ್ಯಾತರೆಂಬುದು ಪ್ರಸ್ತುತ ಲೇಖಕನ ದೃಢ ಅಭಿಪ್ರಾಯ. ಹೊಸ ಕ್ಲಚ್ ಕೇಬಲ್ಲೊಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟುಕೊಂಡರೆ, ದಾರಿಯಲ್ಲಿ ತುಂಡಾದಾಗ ಎರಡು ತುದಿ ಸಿಕ್ಕಿಸಿದರಾಯಿತು. ಪುಟದಡಿಯ ಟಿಪ್ಪಣಿಗೆ ಇಷ್ಟು ಉಪಯೋಗ ಬೇರೆಲ್ಲೂ ಇಲ್ಲ.

ಕೊನೆಗೆ, ಶಾಸನಸಂಪ್ರದಾಯದಂತೆ ಶಾಪಾಶಯ. ಆವನೊಬ್ಬನು ಥ್ರೆಡ್ ಹೋದ ತೂತಿಗೆ ಎಂ-ಸೀಲ್ ಮೆತ್ತಿ ‘ಒಂದ್ ರೂಪಾಯಿ ಕೆಲಸ ಇಲ್ಲ’ವೆಂದು ಈ ಗಾಡಿಯನ್ನು ಪರರಿಗೆ ಮಾರುವನೋ, ಅವನ ಗಾಡಿ ಆಷಾಢದ ಮಳೆಯಲ್ಲಿ ಚಾರ್ಮಾಡಿಯ ತಿರುವಿನ ನಡುಮಧ್ಯೆ ನಿಲ್ಲಲಿ, ಹಿಂದೆ ಧರ್ಮಸ್ಥಳದ ಬಸ್ಸು ಹಾರನ್ ಹೊಡೆಯುತ್ತಿರಲಿ, ಅವನ ಪ್ಲಗ್ ಪಾನಾ ಮನೆಯಲ್ಲೇ ಉಳಿದಿರಲಿ. ಇದನ್ನು ನಿಜ ಹೇಳಿ ಮಾರಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ದಾನವಿತ್ತ ಪುಣ್ಯ, ಲೀಟರಿಗೆ ನಲವತ್ತು ಕಿಲೋಮೀಟರ್.