ಕುಂಚಗಳ ಸರತಿ

ಕ್ರಿತಾ ಎಂಬ ಉಚಿತ ಚಿತ್ರಕಲಾ ತಂತ್ರಾಂಶವನ್ನು ತೆರೆದರೆ ಪರದೆಯ ಒಂದು ಬದಿಯಲ್ಲಿ ನೂರಕ್ಕೂ ಹೆಚ್ಚು ಕುಂಚಗಳು ಸಾಲುಗಟ್ಟಿ ನಿಂತಿರುತ್ತವೆ. ನಾವು ಕರೆದದ್ದಲ್ಲ, ತಾವೇ ಬಂದವು. ಸರತಿಯಲ್ಲಿ ಮೊದಲು ನಿಂತಿರುವುದು ಪೆನ್ಸಿಲ್ ಅಂದುಕೊಂಡಿರಾ? ಅಲ್ಲ, ರಬ್ಬರು! ಇನ್ನೂ ಒಂದು ಗೆರೆ ಎಳೆದಿಲ್ಲ, ಆಗಲೇ ಅಳಿಸುವ ಏರ್ಪಾಟು. ನನ್ನ ಕೈಗುಣ ಇವರಿಗೆ ಯಾರು ಹೇಳಿದರೋ!

ತಂತ್ರಾಂಶ ಕುಂಚಗಳನ್ನು ನಿಲ್ಲಿಸುವುದು ಹೆಸರಿನ ಅಕ್ಷರ ನೋಡಿ. ಅದಕ್ಕೇ ಜೋಡಿಸಿದವರು ಹೆಸರಿನ ಮುಂದೆ ಒಂದೊಂದು ಇಂಗ್ಲಿಷ್ ಅಕ್ಷರ ಅಂಟಿಸಿದ್ದಾರೆ. ಎ ಅಂದರೆ ರಬ್ಬರು, ಬಿ ಸಾದಾ ಕುಂಚ, ಸಿ ಪೆನ್ಸಿಲ್, ಡಿ ಶಾಯಿ. ಹೀಗೇ ಇಳಿಯುತ್ತಾ ಹೋದರೆ ಝೆಡ್‌ನಲ್ಲಿ ಒಂದೇ ಒತ್ತಿಗೆ ಹುಲ್ಲು ಮೊಳೆಯಿಸುವ ಅಚ್ಚು ಸಿಗುತ್ತದೆ. ವಾಸ್ತವವಾಗಿ ಇಲ್ಲಿ ರಬ್ಬರಿಗೆ ಅಂಥ ದರಕಾರೇ ಇಲ್ಲ. ಇ ಕೀಲಿ ಒತ್ತಿದರೆ ಕೈಯಲ್ಲಿರುವ ಯಾವ ಕುಂಚವಾದರೂ ಅಳಿಸತೊಡಗುತ್ತದೆ. ಆದರೂ ಅಗ್ರಪೂಜೆ ಅದಕ್ಕೇ. ಸಿಟ್ಟಿನಿಂದ ಅದನ್ನೇ ಪಟ್ಟಿಯಿಂದ ಅಳಿಸಿದರೆ ಸುಮ್ಮನೆ ಮರೆಗೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಬೇಕೆಂದಾಗ ಮತ್ತೆ ಕರೆತರಬಹುದು. ರಬ್ಬರಿಗೂ ಅಳಿವಿಲ್ಲ.

ಮೈಪೇಂಟ್ ಎಂಬ ಇನ್ನೊಂದು ತಂತ್ರಾಂಶದ ರೀತಿಯೇ ಬೇರೆ. ಅಲ್ಲಿ ಕೆಲವು ಕುಂಚಗಳ ಗುಂಪಿಗೆ ಮಾಡಿದ ಕಲಾವಿದರ ಹೆಸರೇ ಇದೆ: ಡೀವಾಡ್, ರಾಮೋನ್. ಡೀವಾಡ್ ಅಂದರೆ 'ಪೆಪ್ಪರ್ ಅಂಡ್ ಕ್ಯಾರಟ್' ಚಿತ್ರಕಥೆಯ ಫ್ರೆಂಚ್ ಕಲಾವಿದ ಡೇವಿಡ್ ರೆವ್ವಾ. ನನಗೇನೋ ಈ ಪದ್ಧತಿ ಇಷ್ಟ. ಗೆರೆ ಸೊಟ್ಟಗಾದರೆ ಯಾರನ್ನು ದೂರಬೇಕೆಂದು ಗೊತ್ತಿರುತ್ತದೆ.

ದೊಡ್ಡ ಹೆಸರಿನ ಕುಂಚಗಳೂ ಉಂಟು. 2017ರಲ್ಲಿ ಅಡೋಬಿ ಕಂಪನಿ ಓಸ್ಲೋದ ಮುಂಕ್ ಮ್ಯೂಸಿಯಂನಲ್ಲಿದ್ದ, ಕಿರುಚುವ ಮುಖದ ಚಿತ್ರಕ್ಕೆ ಹೆಸರಾದ ಕಲಾವಿದ ಎಡ್ವರ್ಡ್ ಮುಂಕ್‌ನ ಹಳೆಯ ಕುಂಚಗಳನ್ನು ಅಳೆದು, ಫೋಟೋಶಾಪಿಗೆ ಒಗ್ಗುವಂತೆ ಮರುರೂಪಿಸಿ ಹಂಚಿತು. ನನ್ನ ಸ್ನೇಹಿತರೊಬ್ಬರು ತರಿಸಿಕೊಂಡು ಬಾದಾಮಿ ಮಾವಿನಹಣ್ಣು ಬಿಡಿಸಿದರು. ಹಣ್ಣು ಕಿರುಚುವಂತೆ ಬಂತು.

ನಾನಾದರೋ ಕ್ರಿತಾದಲ್ಲಿ ಚಿತ್ರ ಬಿಡಿಸುವ ಮೊದಲು ಕುಂಚಗಳಿಗೆ ಟ್ಯಾಗ್ ಹಚ್ಚುವುದರಲ್ಲಿ ಮುಳುಗುತ್ತೇನೆ. ಟ್ಯಾಗ್ ಅಂದರೆ ಕಪಾಟಿನ ಅರೆಯಲ್ಲ, ಒಂದೇ ಕುಂಚ ಹಲವು ಕಡೆ ಸಲ್ಲುತ್ತದೆ. ಮದುವೆ ಮನೆಯಲ್ಲಿ ಒಬ್ಬನೇ ಮನುಷ್ಯ ಒಬ್ಬರಿಗೆ ಸೋದರಮಾವ, ಇನ್ನೊಬ್ಬರಿಗೆ ಷಡ್ಡಕ, ಅಡುಗೆಯವರಿಗೆ ಲೆಕ್ಕ ಕೊಡುವ ಯಜಮಾನ ಆದ ಹಾಗೆ. 'ಮೋಡಕ್ಕೆ', 'ಕೂದಲಿಗೆ', 'ಅವಸರಕ್ಕೆ', 'ನೆಂಟರು ಹಿಂದೆ ನಿಂತು ನೋಡುವಾಗ' ಎಂದೆಲ್ಲ ಟ್ಯಾಗ್ ಮಾಡಿದ್ದೇನೆ. 'ಮೆಚ್ಚಿನವು' ಎಂಬ ಟ್ಯಾಗ್ ಮಾತ್ರ ಹಾಳಾಯಿತು. ಬಿಡಲು ಮನಸ್ಸಾಗದೆ ಎಲ್ಲವನ್ನೂ ಸೇರಿಸಿ, ಈಗ ಅದಕ್ಕೂ ಪೂರ್ತಿ ಪಟ್ಟಿಗೂ ವ್ಯತ್ಯಾಸವೇ ಇಲ್ಲ. ಮೌಸಿನ ಬಲಗುಂಡಿ ಒತ್ತಿದರೆ ತೆರೆಯುವ, ಟ್ಯಾಗಿನ ಕುಂಚಗಳನ್ನು ತೋರಿಸುವ ಚಕ್ರದಲ್ಲಿ ಜಾಗ ಇರುವುದು ಕೆಲವಕ್ಕೇ, ಉಳಿದವು ಹೊರಗೆ.

ಇನ್ನೊಂದು ಸೋಜಿಗ ನೋಡಿ. ಕ್ರಿತಾದ ಕುಂಚದ ಕಡತವೇ ಒಂದು ಪಿಎನ್‌ಜಿ ಚಿತ್ರ. ಪಟ್ಟಿಯಲ್ಲಿ ಕಾಣುವ ಪುಟ್ಟ ಚಿತ್ರದ ಹೊಟ್ಟೆಯಲ್ಲೇ ಗಾತ್ರ, ಕೈಯ ಒತ್ತಡದ ಲೆಕ್ಕ ಎಲ್ಲವೂ ಅಡಗಿರುತ್ತದೆ. ಹಾಗಾಗಿ "ಇಡೀ ದಿನ ಕೂತು ಏನು ಬಿಡಿಸಿದಿರಿ?" ಎಂದು ಮನೆಯವರು ಕೇಳಿದರೆ, ನೂರಾರು ಚಿತ್ರ ಜೋಡಿಸಿದೆ ಎನ್ನಬಹುದು, ಸುಳ್ಳಾಗದು.

ಮೊನ್ನೆ ನನ್ನ ಕುಂಚಗಳೇ ಮುಂದಿರಲಿ ಎಂದು ಅವುಗಳ ಹೆಸರಿಗೆ ಕನ್ನಡದ 'ಅ' ಸೇರಿಸಿದೆ. ಕಂಪ್ಯೂಟರು ಅವನ್ನೆಲ್ಲ ಒಯ್ದು ಝೆಡ್ಡಿನ ಹುಲ್ಲಿನ ಆಚೆಗೆ ನಿಲ್ಲಿಸಿತು.