ಮ್ಯಾಕ್ರೋ ಸಾವಕಾರರ ಮಬ್ಬು ಕೀಡಿ

ಗೊಬ್ಬೂರಿನಲ್ಲಿ ತೊಗರಿ ಹೂವಿಗೆ ಬಂದಿದೆ. ಹೂವಿಗೆ ಕೀಡಿ ಬಂದಿದೆ. ಕೀಡಿಯ ಹಿಂದೆ ನಮ್ಮ ಮ್ಯಾಕ್ರೋ ಸಾವಕಾರರು ಬಂದಿದ್ದಾರೆ.

ನಲವತ್ತು ದಾಟಿದ ಆಸಾಮಿ. ಮೈಮೇಲೆ ಕಿಸೆಗಳೇ ಹೆಚ್ಚು, ಬಟ್ಟೆ ಕಡಿಮೆ ಇರುವ ಜಾಕೀಟು. ಕೊರಳಿಗೆ ಕ್ಯಾಮೆರಾ, ಮೊಣಕಾಲಿಗೆ ಕರಿನೆಲದ ಮಣ್ಣು. ಹೊಲ ಇವರದೇ, ದುಡಿಯುವವರು ಮಾತ್ರ ಕಾಕಾ. ಇಂಥವರು ಈಗ ಆಳಂದ, ಅಫಜಲಪುರ, ಜೇವರ್ಗಿಯ ಕಡೆಗೆಲ್ಲ ಊರಿಗೊಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ: ಫೋಟೋ ತೋರಿಸುವ ಮೊದಲೇ ಅದು ಯಾಕೆ ಮಬ್ಬಾಯಿತು ಅಂತ ಹೇಳಲು ಶುರು ಮಾಡುತ್ತಾರೆ.

2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಸಿಕ್ಕ ಮೇಲಂತೂ ಇವರ ಹವ್ಯಾಸಕ್ಕೆ ಒಂದು ಗಾಂಭೀರ್ಯ ಬಂದುಬಿಟ್ಟಿತು. "ಜಿಐ ಬೆಳಿ ತಿನ್ನೋ ಕೀಡಿ ಅಂದ್ರ ಸಾಮಾನ್ಯ ಅಲ್ರೀ, ಅದರ ಕಣ್ಣು ಕಾಣೋ ಹಂಗ ತೆಗೀಬೇಕು" ಎನ್ನುತ್ತಾರೆ.

ಕಣ್ಣು ಇವತ್ತಿನವರೆಗೆ ಕಂಡಿಲ್ಲ.

ಮೊದಲ ಆರೋಪಿ ಲೆನ್ಸು. "ಪೀಸೇ ಸರಿ ಇಲ್ರೀ" ಎಂದು ಕಲಬುರಗಿಗೆ ಹೋಗಿ ಬದಲಿಸಿ ತಂದರು. ಕೀಡಿ ಮತ್ತೆ ಮಬ್ಬು. ಅದರ ಹಿಂದಿನ ಎಲೆಯ ನರಗಳು ಮಾತ್ರ ಎಣಿಸುವಷ್ಟು ಸ್ಪಷ್ಟ. ಲೆನ್ಸೇ ಕೆಟ್ಟಿದ್ದರೆ ಎಲೆ ಹ್ಯಾಂಗ ಬಂತು ಅಂತ ಕೇಳಬಾರದು. ಕೇಳಿದರೆ ಎರಡನೆಯ ಆರೋಪಿಯಾಗಿ ಫಿಲ್ಟರು ಹಾಜರಾಗುತ್ತದೆ. ಆಮೇಲೆ ಆಟೋಫೋಕಸ್ಸು, ಆಮೇಲೆ ಟ್ರೈಪಾಡಿನ ಒಂದು ಕಾಲು, ಆಮೇಲೆ ಧೂಳು. ಧೂಳಿಗೇನು, ನಮ್ಮ ಕಡೆ ಸಾಕ್ಷಿ ಹೇಳಲು ಅದು ಯಾವಾಗಲೂ ತಯಾರು.

ಹಾಗಂತ ಸಾವಕಾರರಿಗೆ ವಿದ್ಯೆಯಿಲ್ಲ ಎನ್ನಬೇಡಿ. ಚಹಾದ ಅಂಗಡಿಯಲ್ಲಿ ಕೂತು ಅವರು ಹೇಳುವ ಒಂದೊಂದು ಮಾತೂ ಖರೆ. ಕೀಡಿಯನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸುವಷ್ಟು ಹತ್ತಿರ ಹೋಗಿ, ಅಪರ್ಚರ್ ಎಫ್ 8ಕ್ಕೆ ಇಟ್ಟರೆ, ಸ್ಪಷ್ಟವಾಗಿ ಬರುವ ಪದರದ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರು. ಕಾಯಿಕೊರಕದ ಪತಂಗ ಇಡುವ ತತ್ತಿಯೇ ಸುಮಾರು ಅರ್ಧ ಮಿಲಿಮೀಟರು. ಅಂದರೆ ಎರಡು ತತ್ತಿಯಷ್ಟು ಜಾಗದಲ್ಲಿ ಇಡೀ ಕೀಡಿಯನ್ನು ಕೂರಿಸಬೇಕು. "ಉಸುರು ಬಿಟ್ರ ಮೈ ಅದಕ್ಕಿಂತ ಹೆಚ್ಚು ಅಲ್ಲಾಡ್ತದ್ರೀ!" ಎಂದು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹೊಲದಲ್ಲಿ ಮಾತ್ರ ಗುಂಡಿ ಒತ್ತುವ ಕ್ಷಣಕ್ಕೇ ನಿಟ್ಟುಸಿರು ಬಿಡುತ್ತಾರೆ.

ಪದರ ದಪ್ಪವಾಗಲೆಂದು ಒಮ್ಮೆ ಎಫ್ 22ಕ್ಕೆ ಹೋದರು. ಅಷ್ಟು ಹತ್ತಿರದಲ್ಲಿ ಅದು ಎಫ್ 44ರಂತೆ ವರ್ತಿಸುತ್ತದೆ. ಕಿಂಡಿ ಸಣ್ಣದಾದಷ್ಟೂ ಬೆಳಕು ಅಂಚಿನಲ್ಲಿ ಚದುರಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಕೀಡಿ, ಹೂವು, ಎಲೆ ಎಲ್ಲವೂ ಒಂದೇ ಸಮ ಮಬ್ಬು. ಸಂವಿಧಾನದ 371 ಜೆ ಕಲಂ ಬಂದ ಮೇಲೂ ನಮ್ಮ ಭಾಗ ಕಾಣದ ಸಮಾನತೆ ಆ ಫೋಟೋದಲ್ಲಿತ್ತು.

ಈಗಿನ ಆರೋಪಿ ಗಾಳಿ. ತೊಗರಿ ಆಳೆತ್ತರದ ಗಿಡ, ತುದಿ ಸುಮ್ಮನಿರುವುದಿಲ್ಲ. ಬೆಳಗಿನ ಆರಕ್ಕೆ ಗಾಳಿ ಕಡಿಮೆ, ಚಳಿಗೆ ಕೀಡಿಯೂ ಜಡವಾಗಿರುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟವರು ಇವರೇ. ಏಳುವುದು ಒಂಬತ್ತಕ್ಕೆ.

ಮೊನ್ನೆ ಇವರು ಸಾಲಿನಲ್ಲಿ ಮೊಣಕಾಲೂರಿ ಕೂತಿರುವಾಗಲೇ ಕಾಕಾ ಹೆಣ್ಣಾಳುಗಳನ್ನು ಕರಕೊಂಡು ಬಂದರು. ಎಣ್ಣಿ ಹೊಡೆಯುವುದಕ್ಕಿಂತ ಹಳೆಯ ಉಪಾಯ: ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಝಾಡಿಸುವುದು. ಕೀಡಿ ದಬದಬ ಉದುರುತ್ತವೆ, ಊರ ಕೋಳಿಗಳಿಗೆ ಹಬ್ಬ.

"ಏ ಕಾಕಾ, ಗಿಡ ಅಲ್ಲಾಡಿಸಬ್ಯಾಡ್ರೀ! ಈಗ ಫೋಕಸ್ ಕುಂತದ!"

"ತಮ್ಮಾ, ನೀ ಫೋಕಸ್ ಮಾಡೋದ್ರಾಗ ಅದು ಪತಂಗ ಆಗಿ ಹಾರಿ ಹೋಗ್ತದ. ಸರಿ ಅತ್ಲಾಗ."

ಗಿಡ ಝಾಡಿಸಿದರು. ಸಾವಕಾರರ ಕೀಡಿಯೂ ಉಳಿದವುಗಳ ಜೊತೆ ತಾಡಪತ್ರಿಗೆ ಬಿತ್ತು. ಯಾವ ಕೀಡಿ ಅಂತ ರೈತ ಸಂಪರ್ಕ ಕೇಂದ್ರದವರಿಗೆ ತೋರಿಸಬೇಕಲ್ಲ, ಕಾಕಾ ಅಂಗಿಯ ಕಿಸೆಯಿಂದ ಮೊಬೈಲ್ ತೆಗೆದರು. ಚಾಳೀಸು ಮನೆಯಲ್ಲಿತ್ತು. ಕಣ್ಣಿಗೆ ಹತ್ತಿರದ್ದು ಕಾಣದ್ದಕ್ಕೆ ಮೊಬೈಲನ್ನು ಕೈ ಚಾಚಿ ದೂರ ಹಿಡಿದು ಒಮ್ಮೆ ಒತ್ತಿದರು. ಮೊಬೈಲಿನ ಲೆನ್ಸಿಗೂ ಬೇಕಾದದ್ದು ಆ ದೂರವೇ. ತೀರಾ ಹತ್ತಿರ ಹೋದರೆ ಅದರ ಫೋಕಸ್ ಕೂಡುವುದೇ ಇಲ್ಲ. ಕೀಡಿ ನೆಲಕ್ಕೆ ಅಡ್ಡ ಮಲಗಿತ್ತು, ತಲೆಯಿಂದ ಬಾಲದವರೆಗೆ ಮೊಬೈಲಿಗೆ ಒಂದೇ ಅಳತೆ. ಗಾಳಿಯ ಕಾಟವೂ ಇಲ್ಲ. ಹಿಗ್ಗಿಸಿ ನೋಡಿದರೆ ಮೈಮೇಲಿನ ಗೆರೆ, ಸಣ್ಣ ರೋಮ, ಎಲ್ಲ ಬಂದಿದ್ದವು. ಕೇಂದ್ರದವರು ಊಟದ ಹೊತ್ತಿಗೆ ಉತ್ತರವನ್ನೂ ಕಳಿಸಿದರು: ಕಾಯಿಕೊರಕ, ಝಾಡಿಸೋದು ಮುಂದುವರಿಸ್ರಿ.

ಸಾವಕಾರರು ಕಾಕಾನ ಮೊಬೈಲ್ ಇಸಕೊಂಡು ಆ ಚಿತ್ರವನ್ನು ಎರಡು ಬೆರಳಿನಿಂದ ಎಳೆದರು. ಮತ್ತೂ ಎಳೆದರು. ಚೌಕಚೌಕವಾಗಿ ಒಡೆದು ಹೋಗುವವರೆಗೆ ಎಳೆದರು.

"ಹಿಂದ ತಾಡಪತ್ರಿ ನೀಲಿ ಅದ. ನ್ಯಾಚುರಲ್ ಅನಸವಲ್ದು."

ಕಾಕಾ ಬಾಯೊಳಗಿನ ತಂಬಾಕು ಉಗುಳಿ ಮುಂದಿನ ಸಾಲಿಗೆ ಹೋದರು. ಸಾವಕಾರರು ಮೊಬೈಲನ್ನು ತಿರುಗಿಸಿ ಬೆನ್ನ ಮೇಲಿನ ಹೆಸರು ಓದಲು ನೋಡಿದರು, ಅದು ಯಾವಾಗಲೋ ಅಳಿಸಿ ಹೋಗಿತ್ತು.

"ಕಾಕಾ, ಇದು ಯಾವ ಕಂಪನೀದ್ರೀ?"